ವೆಂಕಟಮ್ಮನ ಅಂಗಡಿಯಲ್ಲಿ ನೂರಾ ಹದಿನೆಂಟು ರೋಗಿಗಳು

ಆಷಾಢದ ಗಾಳಿ ಎದ್ದಿತ್ತು. ಚಿಕ್ಕಬಾಣಾವರದ ರೈಲ್ವೆ ಗೇಟಿನ ಹತ್ತಿರ ವೆಂಕಟಮ್ಮನ ಟೀ ಅಂಗಡಿಯ ನೀಲಿ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಎಂದಿನಂತೆ ಒಂಬತ್ತಕ್ಕೆ ಹಾಲು ಉಕ್ಕಿತು. ಎಂದಿನಂತೆ ನಾವು ಹನ್ನೊಂದು ಜನ ಬೆಂಚಿನ ಮೇಲೆ ಒತ್ತಿಕೊಂಡು ಕೂತಿದ್ದೆವು. ಕೆಲಸ ಮಾತ್ರ ಇರಲಿಲ್ಲ.

ನಿನ್ನೆಯವರೆಗೆ ಇತ್ತು. ಪೀಣ್ಯದ ಗೋಡೌನಿನಿಂದ ಔಷಧಿ ತಂದು ಮನೆಮನೆಗೆ ಮುಟ್ಟಿಸುವುದು ನಮ್ಮ ಕೆಲಸ. ನಾವೆಲ್ಲ ಕೊಪ್ಪಳ, ಗಜೇಂದ್ರಗಡದ ಕಡೆಯವರು. ಇಲ್ಲಿನ ಮನೆಗಳಿಗೆ ನಂಬರಿಲ್ಲ. ರಾಗಿ ಹೊಲ ಸೈಟಾದ ಜಾಗ. ಚೀಟಿಯಲ್ಲಿ ‘ಹುಣಸೆಮರದ ಹಿಂದೆ, ಹಸಿರು ಗೇಟು’ ಅಂತಿರುತ್ತದೆ. ಮರ ಕಡಿದು ಎರಡು ವರ್ಷವಾಯಿತು, ಗೇಟಿಗೀಗ ಕೆಂಪು ಬಣ್ಣ. ಆದರೂ ನಮ್ಮ ಜೊತೆಯ ಮಹಾನಂದಾಳ ಸ್ಕೂಟಿ ಸರಿಯಾಗಿ ಅಲ್ಲೇ ಹೋಗಿ ನಿಲ್ಲುತ್ತಿತ್ತು.

ಶನಿವಾರ ಮ್ಯಾನೇಜರ್ ಶಶಿಕುಮಾರ್ ಗೋಡೌನಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದ.

“ಹಳೇ ಆಪ್ ಕಿತ್ತಾಕ್ತಿದೀವಿ. ಸೋಮವಾರದಿಂದ ಹೊಸದು. ಎಲೆಕ್ಟ್ರಾನಿಕ್ ಸಿಟಿ ಇಂಜಿನಿಯರ್‌ಗಳು ಆರು ತಿಂಗಳು ಕೂತು ಮಾಡಿರೋದು. ಕನ್ನಡದಲ್ಲೇ ದಾರಿ ಹೇಳತ್ತೆ. ಇನ್ಮೇಲೆ ದಾರಿ ಗೊತ್ತಿರೋರು ಬೇಕಾಗಿಲ್ಲ, ಬೈಕಿದ್ರೆ ಸಾಕು.”

“ನಾವು?” ಮಹಾನಂದಾ ಕೇಳಿದಳು.

“ಅರ್ಧ ರೇಟಿಗೆ ಹೊಸಬರು ಸಿಕ್ಕಿದಾರಮ್ಮ.”

“ಮನಿ ಎಲ್ಲೆಲ್ಲಿ ಅದಾವಂತ ಅದಕ್ಕ ಯಾರು ಹೇಳಿದ್ರು ಸರ್?”

“ನೀವೇ!” ಶಶಿಕುಮಾರ್ ನಕ್ಕ. “ಔಷಧಿ ಕೊಟ್ಟ ಮೇಲೆ ‘ತಲುಪಿದೆ’ ಅಂತ ಬಟನ್ ಒತ್ತಿದ್ರಲ್ಲ. ಎಲ್ಲೆಲ್ಲಿ ಒತ್ತಿದ್ರೋ ಎಲ್ಲಾ ಹಳೇ ಆಪಲ್ಲಿತ್ತು. ಎತ್ಕೊಂಡ್ವಿ.”

ಟೈರು ಸವೆದದ್ದು ನಮ್ಮದು, ದಾರಿ ಅವರದಾಯಿತು.

ಸೋಮವಾರ ಕಾಲುಗಳು ತಾವಾಗಿಯೇ ಅಂಗಡಿಗೆ ಕರೆತಂದವು. ಎರಡನೇ ಟೀ ಕುಡಿಯುವಷ್ಟರಲ್ಲಿ ಕಂಪನಿಯ ಹೊಸ ಅಂಗಿ ತೊಟ್ಟ ಒಬ್ಬ ಬೈಕು ನಿಲ್ಲಿಸಿದ.

“ಅಕ್ಕಾ, ಚನ್ನವೀರಪ್ಪ ಅವರು ಅದಾರೇನ್ರೀ?”

“ಇಲ್ಲಿ ಯಾವ ಚನ್ನವೀರಪ್ಪನೂ ಇಲ್ಲ ಕಣಪ್ಪ.”

ಅವನ ಜೇಬಿನಿಂದ ಹೆಣ್ಣಿನ ದನಿ ಇಂಪಾಗಿ ಹೇಳಿತು: “ನೀವು ಸೇರಬೇಕಾದ ಸ್ಥಳ ಬಂದಿದೆ.”

ಅವನ ಹಿಂದೆಯೇ ಇನ್ನೊಬ್ಬ. “ಸಿದ್ದಮ್ಮ ಅವರ ಮನಿ?” ಮತ್ತೊಬ್ಬ. “ದಾಸಪ್ಪ? ಬಿಪಿ ಗುಳಿಗಿ.” ಹತ್ತು ನಿಮಿಷದಲ್ಲಿ ಹನ್ನೊಂದು ಬೈಕು. ಹನ್ನೊಂದು ಜೇಬಿನಲ್ಲೂ ಅದೇ ದನಿ, ಅದೇ ಮಾತು.

ವೆಂಕಟಮ್ಮ ಸೌಟು ಹಿಡಿದು ಹೊರಗೆ ಬಂದಳು. “ಎಂಟಡಿ ಅಂಗಡಿ ಕಣ್ರಪ್ಪೋ! ನನ್ನ ಗಂಡ ಕಾಲು ಚಾಚಾಕೇ ಜಾಗ ಇಲ್ಲ. ಇಷ್ಟು ಜನ ರೋಗಿಗಳ್ನ ಎಲ್ಲಿ ಮಲಗಿಸ್ಕಂಡಿದೀನಿ?”

ಪಕ್ಕದಲ್ಲಿದ್ದ ಬಸಲಿಂಗನ ಮೂಗಿನಿಂದ ಟೀ ಬಂತು. ನನ್ನ ತೋಳು ಹಿಡಿದು ಅಲುಗಿಸಿದ. “ಲೇ ರೇವಣಸಿದ್ದ! ಬಟನ್! ನಾವು ಬಟನ್ ಒತ್ತಿದ್ದು ಎಲ್ಲಿಲೇ?”

ಆಗ ನನಗೂ ಹೊಳೆಯಿತು. ಹಳೇ ಆಪು ಮುದಿ ಎತ್ತು. ಗಲ್ಲಿಗಳಲ್ಲಿ ಸಿಗ್ನಲ್ ಸಿಗದೆ ಮಲಗಿಬಿಡುತ್ತಿತ್ತು. ಅಂಗಡಿಯ ನೆತ್ತಿಯ ಮೇಲೇ ಟವರು. ಹಾಗಾಗಿ ಎಲ್ಲ ಮನೆಗೂ ಔಷಧಿ ಕೊಟ್ಟು, ಇಲ್ಲಿ ಬಂದು ಟೀ ಕುಡಿಯುತ್ತ ಒಂದೇ ಸಲ ಒತ್ತುತ್ತಿದ್ದೆವು. ದಿನಾ. ಎರಡು ವರ್ಷ. ಹೊಸ ಆಪಿನ ಲೆಕ್ಕದಲ್ಲಿ ಈ ಕಡೆಯ ನೂರಾ ಹದಿನೆಂಟು ರೋಗಿಗಳೂ ವೆಂಕಟಮ್ಮನ ಬೆಂಚಿನ ಮೇಲೆ ವಾಸ!

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೊಸಬರೂ ನಕ್ಕರು, ಅವರಲ್ಲಿ ನಾಲ್ವರು ನಮ್ಮ ಕಡೆಯವರೇ. ಮಹಾನಂದಾ ಮಾತ್ರ ಹೊಸಬರ ಒಂದು ಔಷಧಿ ಡಬ್ಬದ ಮುಚ್ಚಳ ತೆರೆದಳು. ಇನ್ಸುಲಿನ್ ಸುತ್ತ ಇಟ್ಟ ಐಸು ಕರಗುತ್ತಿತ್ತು.

“ನಗೂದು ಆಮ್ಯಾಲ. ಸಿದ್ದಮ್ಮ ಉಣ್ಣೂಕಿಂತ ಮೊದ್ಲ ಸೂಜಿ ಹಾಕ್ಕೋಬೇಕು.”

“ನಾವ್ಯಾಕ ಹೋಗ್ಬೇಕು? ನಮ್ಮನ್ನ ತಗದಾರ,” ಅಂದೆ ನಾನು.

“ಸಿದ್ದಮ್ಮ ನಿನ್ನ ತಗದಾಳೇನು?”

ನಾನು ಎದ್ದೆ.

“ಫೋನ್ ಇಲ್ಲೇ ಇಡ್ರಿ, ಎಲ್ಲಾರೂ,” ಅಂದಳು. “ನಮ್ಮ ಜೋಡಿ ಒಯ್ದ್ರ ಮನಿ ಎಲ್ಲೆಲ್ಲಿ ಅಂತ ಕಲ್ತುಬಿಡ್ತೈತಿ. ಹೊಸಬ್ರ, ನೀವೂ. ಇವತ್ತು ನಮ್ಮನ್ನ ತಗದಾರ, ಅದು ಕಲ್ತ ಮ್ಯಾಲ ನಿಮ್ಮನ್ನ.”

ಅವರು ಮುಖ ಮುಖ ನೋಡಿಕೊಂಡರು. ಆಮೇಲೆ ವೆಂಕಟಮ್ಮ ಚಾಚಿದ ಹಾಲಿನ ತಪ್ಪಲೆಗೆ ಒಂದೊಂದೇ ಫೋನು ಬಿತ್ತು.

ಬೈಕಿನಲ್ಲಿ ಹೊಸಬರು ಮುಂದೆ, ಅವರ ಬೆನ್ನಿಗೆ ಕೂತು ನಾವು. ಹಾರನ್ನು ಹೊಡೆಯುತ್ತ, ಕೋಳಿ ಹಾರಿಸುತ್ತ, “ಎಡಕ್ಕ! ಲೇ, ಎಡಕ್ಕ!” ಅಂತ ಕೂಗುತ್ತ ಗಲ್ಲಿ ಗಲ್ಲಿ ನುಗ್ಗಿದೆವು. ನಮ್ಮನ್ನು ನೋಡಿ ಸಿದ್ದಮ್ಮ ಬಾಗಿಲಲ್ಲೇ ನಿಂತಳು. “ಇದೇನ್ರಪ್ಪಾ, ಇಂಗೆ ಇಬ್ಬಿಬ್ರು ಬಂದಿದೀರಿ, ದಿಬ್ಬಣವಾ?” ಹನ್ನೆರಡಕ್ಕೆ ಡಬ್ಬಗಳೆಲ್ಲ ಖಾಲಿ. ಅಂಗಡಿಗೆ ವಾಪಸ್ಸು ಬಂದು, ತಪ್ಪಲೆಯಿಂದ ಹೊಸಬರ ಹನ್ನೊಂದು ಫೋನು ಎತ್ತಿ, ‘ತಲುಪಿದೆ’ ಒತ್ತಿದೆವು.

ಶಶಿಕುಮಾರನ ಕಾರು ಬಂದಾಗ ಅವನ ಕಿವಿ ಕೆಂಪಾಗಿತ್ತು. “ಎಲ್ಲಾ ಒಂದೇ ಕಡೆ ತೋರಿಸ್ತಿದೆ! ಔಷಧಿ ಎಲ್ರೋ?”

“ಮುಟ್ಟೇತ್ರೀ ಸರ್. ಫೋನ್ ಮಾಡಿ ಕೇಳ್ರಿ,” ಅಂದ ಬಸಲಿಂಗ.

ಇಬ್ಬರು ರೋಗಿಗಳಿಗೆ ಮಾಡಿದ. ಮುಟ್ಟಿತ್ತು. ಆಮೇಲೆ ಹೊಸ ಆಪು ಮಾಡಿದ ಇಂಜಿನಿಯರ್ ಕೃಪಾಗೆ ಮಾಡಿದ. ಅವಳ ದನಿ ನಮಗೂ ಕೇಳಿಸಿತು: “ಒತ್ತಿದ ಜಾಗಾನೇ ಮನೆ ಅಂತ ತಗೊಳ್ಳಿ, ಯಾರನ್ನೂ ಕೇಳೋದು ಬೇಡ ಅಂದೋರು ನೀವೇ ಅಲ್ವಾ ಸಾರ್?” ಪಟಕ್ಕನೆ ಫೋನು ಜೇಬಿಗಿಟ್ಟ.

“ಆಯ್ತು. ಮನೆಗಳ್ನ ತೋರಿಸಿ.”

“ತೋರಸ್ತೀವ್ರಿ. ಮೊದ್ಲ ಕಾಗದ,” ಅಂದಳು ಮಹಾನಂದಾ. “ಇಪ್ಪತ್ತೆರಡು ಹೆಸರು, ಎಲ್ಲಾರಿಗೂ ಕೆಲಸ, ಹಳೇ ರೇಟು, ಕೆಳಗ ನಿಮ್ಮ ಸಹಿ.”

“ವಿಳಾಸ ಕಂಪನಿ ಆಸ್ತಿ!”

“ಔಷಧಿ ಕಂಪನೀದು, ಮುಟ್ಟೇತಿ. ಎರಡು ವರ್ಷ ತಿರುಗಿದ್ದು ನಾವು. ಅದು ನಿಮ್ಮ ಮ್ಯಾಲ ಇನ್ನೂ ಬಾಕಿ ಐತಿ.”

“ನಿಮ್ಮ ಹಂಗೇನು? ನಾನೇ ಹುಡುಕ್ತೀನಿ.” ಕಾರು ಹತ್ತಿ ಗಲ್ಲಿಗೆ ನುಗ್ಗಿದ.

ನಾವು ಕಾದೆವು. ಒಂದು ಗೂಡ್ಸ್ ಗಾಡಿ ಹೋಯಿತು. ವೆಂಕಟಮ್ಮ ಇಪ್ಪತ್ತೆರಡು ಟೀ ಸೋಸಿದಳು, ಯೋಚಿಸಿ ಇನ್ನೊಂದು ಸೋಸಿದಳು. ಅಷ್ಟರಲ್ಲಿ ರೈಲ್ವೆ ಗೇಟಿನ ಕಡೆಯಿಂದ ಶಶಿಕುಮಾರನ ಕಾರು ತೆವಳುತ್ತ ಬಂತು. ಬಾಗಿಲಿಗೆ ಸಗಣಿ ಸಿಡಿದಿತ್ತು. ದಾರಿ ತಪ್ಪಿ ಕೊನೆಗೆ ಆಪನ್ನೇ ಕೇಳಿದ್ದ. ಅಂಗಡಿ ಮುಂದೆ ಕಾರು ನಿಂತಿತು, ಗಾಜು ಇಳಿಯಿತು, ಒಳಗಿನಿಂದ ಇಂಪಾದ ದನಿ ಶುರುವಾಯಿತು. ಇಪ್ಪತ್ತೆರಡು ಜನವೂ ಅದರ ಜೊತೆ ಜೋರಾಗಿ ಹೇಳಿದೆವು:

“ನೀವು ಸೇರಬೇಕಾದ ಸ್ಥಳ ಬಂದಿದೆ!”

ಮಹಾನಂದಾ ಬೆಂಚು ಒರೆಸಿದಳು. ಇಪ್ಪತ್ತಮೂರನೇ ಲೋಟದ ಪಕ್ಕ ಬಿಳಿ ಹಾಳೆ ಇಟ್ಟು, ಪೆನ್ನಿನ ಮುಚ್ಚಳ ತೆಗೆದಳು.