ಗಂಟಮ್ಮ

"ಕತ್ತರಿ ತನ್ನಿ," ಎಂದು ಮಗ್ಗದ ಯಜಮಾನರು ಕೈಚಾಚಿದಾಗ ಸೊಸೆಯ ಜೀವ ಬಾಯಿಗೆ ಬಂತು. ಮಗ್ಗಕ್ಕೆ ಉದ್ದಕ್ಕೆ ಹೂಡಬೇಕಿದ್ದ ಹಾಸಿನ ನೂಲು ಅವಳ ಕೈಜಾರಿ, ಎಂಟುನೂರು ಎಳೆಯೂ ಒಂದಕ್ಕೊಂದು ತೆಕ್ಕೆಬಿದ್ದು ಹಕ್ಕಿಗೂಡಿನಂತೆ ನೆಲದ ಮೇಲೆ ಕೂತಿತ್ತು. ಅವಳು ಮಗ್ಗಕ್ಕೆ ಕೂರುವುದು ಇದೇ ಮೊದಲು. ಎಳೆ ಕಡಿದರೆ ಹಾಸು ಕೆಟ್ಟಿತು. ಹಾಸು ಕೆಟ್ಟರೆ ನಾಳೆಯಿಂದ ಮತ್ತೆ ಕಸ ಗುಡಿಸುವುದೇ ಗತಿ.

"ತಾಳಿ, ಗಂಟಮ್ಮನ್ನ ಕರೀತೀನಿ," ಅಂದಳು ಪಕ್ಕದ ಮಗ್ಗದವಳು.

ಗಂಟಮ್ಮ ಎಂದರೆ ಈ ಸೊಸೆಯ ಅತ್ತೆಯೇ. ಮದುವೆಯಾಗಿ ಮೂರೇ ವಾರ. ಆ ಹೆಸರು ಯಾಕೆಂದು ಅವಳು ಕೇಳಿರಲಿಲ್ಲ. ಕೇಳುವುದೇನು ಬಂತು, ಮುಖ ನೋಡಿದರೆ ಸಾಕು. ಹುಬ್ಬಿನ ನಡುವೆ ಸದಾ ಗಂಟು. ಮಾತಾಡಿಸಿದರೆ ಗಂಟಲಲ್ಲೇ ಗುರ್ ಎನ್ನುವರು. ಮೊನ್ನೆ ಯಾರೋ ಬಾಗಿಲಿಗೆ ಬಂದು "ಗಂಟಮ್ಮ ಇದ್ದಾರಾ?" ಎಂದಾಗ, "ಇದ್ದಾರೆ, ಇವತ್ತು ಗಂಟು ಸ್ವಲ್ಪ ಸಡಿಲ ಇದೆ, ಬನ್ನಿ," ಎಂದುಬಿಟ್ಟಿದ್ದಳು. ಒಳಗಿನಿಂದ ಗುರ್ ಎಂದಿತ್ತು.

ಅತ್ತೆ ಬಂದರು. ಕಾಲು ಚಾಚಿ ನೆಲಕ್ಕೆ ಕೂತು ಇಡೀ ಸಿಕ್ಕನ್ನು ಮಡಿಲಿಗೆ ಎಳೆದುಕೊಂಡರು.

"ಕತ್ತರಿ ಒಳಗಿಡಿ ಯಜಮಾನ್ರೇ. ಕಡಿಯೋಕೆ ಇಲಿ ಸಾಕಲ್ವಾ?"

ಆಮೇಲೆ ಬೆರಳುಗಳದ್ದೇ ಮಾತು. ನಡುನಡುವೆ ಗುರ್.

"ನನ್ ಮೇಲೆ ಸಿಟ್ಟಾ ಅತ್ತೆ?"

"ನಿನಗ್ಯಾರು ಅಂದ್ರು? ಈ ಎಳೆಗೆ ಅಂದಿದ್ದು. ಆ ತುದಿ ಹಿಡ್ಕೋ. ಜಗ್ಗಬೇಡ, ಜಗ್ಗಿದ್ರೆ ಗಂಟಿಗೆ ಹಠ ಬರುತ್ತೆ."

ಪಕ್ಕದವಳು ಲಾಳಿ ನಿಲ್ಲಿಸಿ ಹೇಳಿದಳು, "ಮೂವತ್ತು ವರ್ಷದಿಂದ ಒಂದೆಳೆ ಕಡಿದಿಲ್ಲ ಈ ಕೈ. ಮತ್ತೆ ಸುಮ್ನೆ ಗಂಟಮ್ಮ ಅಂತೀವಾ?"

ಸೊಸೆಯ ಕಿವಿ ಬಿಸಿಯಾಯಿತು. "ನಾನು… ಮುಖ ನೋಡಿ ಇಟ್ಟ ಹೆಸರು ಅಂದ್ಕೊಂಡಿದ್ದೆ."

ಅತ್ತೆ ತಲೆ ಎತ್ತಲಿಲ್ಲ. "ಅದೂ ಸುಳ್ಳಲ್ಲ ಬಿಡು. ಇಷ್ಟು ಗಂಟು ಬಿಚ್ಚಿದೀನಿ, ಅವೆಲ್ಲ ಎಲ್ಲಾದ್ರೂ ಹೋಗಿ ಕೂರ್ಬೇಕಲ್ಲ."

ಬಿಸಿಲು ಕಿಟಕಿಯಿಂದ ಗೋಡೆಗೆ ಹತ್ತುವ ಹೊತ್ತಿಗೆ ಕೊನೆಯ ಎಳೆಯೂ ಬಿಡಿಯಾಯಿತು. ಯಜಮಾನರು ಅಂಗೈಯಲ್ಲಿ ಹಾಸನ್ನು ಸವರಿ ನೋಡಿದರು. ಒಂದೂ ಕಡಿದಿರಲಿಲ್ಲ. ಅದನ್ನು ಮಗ್ಗಕ್ಕೆ ಹೂಡಿಸಿ, "ಕೂತ್ಕೋಮ್ಮ," ಎಂದರು.

ಸೊಸೆ ಕೂತು ಮೆಲ್ಲಗೆ ಕಾಲುಹಲಗೆ ಒತ್ತಿದಳು. ಎಳೆಗಳು ಮೇಲೆ ಕೆಳಗೆ ಬಾಯಿ ಬಿಟ್ಟವು. ಆ ಸಂದಿಯಲ್ಲಿ ಎದುರು ಗೋಡೆಗೊರಗಿದ ಅತ್ತೆ ಕಂಡರು. ಕಣ್ಣು ಮುಚ್ಚಿತ್ತು. ಬರಿದಾದ ಮಡಿಲಲ್ಲಿ ಬೆರಳುಗಳು ಇನ್ನೂ ಏನನ್ನೋ ನಿಧಾನವಾಗಿ ಬಿಡಿಸುತ್ತಲೇ ಇದ್ದವು.