ಹಸಿ ಓಕ್ ಪೆಟ್ಟಿಗೆ

"ಇಳಿಸ್ರೋ ಕೆಳಕ್ಕೆ, ಕಳ್ಳ ಸೂಳೆಮಕ್ಳಾ. ಯಾರಪ್ಪನ ಮರ ಅಂತ ಹೊತ್ಕೊಂಡ್ ಹೊಂಟಿದ್ದೀರಿ?"

ಸ್ಮಶಾನದ ಗೇಟಿಗೆ ಅಡ್ಡ ನಿಂತು ಹೀಗೆ ಕೂಗಿದವನು ಯಾಕೊಬ್, ಧಣಿಯ ಕಾಡು ಕಾಯುವವನು. ನಾವು ಎಂಟು ಜನ ಹೊತ್ತಿದ್ದದ್ದು ಬ್ಲಾಜ್‌ನ ಹೆಣ. ಹನ್ನೊಂದು ವರ್ಷ ನನ್ನ ಗರಗಸದ ಇನ್ನೊಂದು ತುದಿ ಹಿಡಿದವನು ಅವನು. ಹಸಿ ಓಕ್ ಹಲಗೆಯ ಪೆಟ್ಟಿಗೆ, ಹೆಗಲು ಕಳಚಿ ಬೀಳುವಷ್ಟು ಭಾರ. ಹಿಮದ ಮೇಲೆ ಇಳಿಸಿದೆವು.

ಬ್ಲಾಜ್‌ನ ಹೆಂಡತಿ ಮಾಂಡಾ ಮುಂದೆ ಬಂದಳು. "ಯಾಕೊಬಣ್ಣಾ, ಸತ್ತೋನ್ ದಾರಿಗ್ ಅಡ್ಡ ನಿಂತ್ಕಬ್ಯಾಡ."

"ನಾನೇನ್ ಮಾಡ್ಲವ್ವಾ? ಹಲಗೆ ಮ್ಯಾಲೆ ಮುದ್ರೆ ಇಲ್ಲ. ಧಣಿಗ್ ಹೇಳ್ಕಳ್ಸೀನಿ, ಬತ್ತಾವ್ರೆ."

ಮುದ್ರೆ ಎಂದರೆ ಯಾಕೊಬ್‌ನ ಸೊಂಟದಲ್ಲಿ ಯಾವಾಗಲೂ ನೇತಾಡುವ ಸುತ್ತಿಗೆ. ಅದರ ಮೂತಿಯಲ್ಲಿ ಧಣಿಯ ಹೆಸರಿನ ಎರಡು ಅಕ್ಷರ ಎದ್ದು ನಿಂತಿವೆ. ಕಡಿದ ಮರದ ತಲೆಗೆ ಒಂದೇಟು ಬಿದ್ದರೆ ಅದು ಧಣಿಯ ಮಾಲು. ಮುದ್ರೆ ಇಲ್ಲದ ಮರ ಊರೊಳಗೆ ಕಂಡರೆ ಕಳ್ಳಮಾಲು. ಮುದ್ರೆ ಬಿದ್ದ ಮರವೋ, ಅವತ್ತೇ ಸಂಜೆಯ ಚರ್ಚ್ ಗಂಟೆಗೆ ಮುಂಚೆ ಧಣಿಯ ದಿಮ್ಮಿ ಅಂಗಳ ಸೇರಬೇಕು. ಕಳೆದ ಶರತ್ಕಾಲದಲ್ಲಿ ಒಂದು ದಿಮ್ಮಿ ಕೆಸರಲ್ಲಿ ಹೂತು ರಾತ್ರಿಯೆಲ್ಲ ದಾರಿಯಲ್ಲೇ ಉಳಿಯಿತು ಅಂತ ಇದೇ ಬ್ಲಾಜ್‌ನನ್ನು ಅಂಗಳದ ಕಂಬಕ್ಕೆ ಕಟ್ಟಿ, ಅವನ ಮಕ್ಕಳ ಕಣ್ಣೆದುರೇ ಬಾರುಕೋಲಲ್ಲಿ ಹೊಡೆಸಿದ್ದರು. "ಆಕಾಶ ಬಿದ್ರೂ ಮುದ್ರೆ ಮಾಲು ಅಂಗಳಕ್ಕೆ ಬರ್ಬೇಕು" ಅಂದಿದ್ದ ಧಣಿ. ನಾವೆಲ್ಲ ಟೋಪಿ ತೆಗೆದು ನಿಂತು ಕೇಳಿದ್ದೆವು. ಆ ನಾಚಿಕೆ ಇನ್ನೂ ಹೋಗಿಲ್ಲ.

ಗಾಳಿ ಎದ್ದ ದಿನ ನಾವು ಮರಕ್ಕೆ ಕೈ ಹಾಕುವುದಿಲ್ಲ. ಆದರೆ ಈ ಸಲ ಫ್ರಾನ್ಸಿನ ವ್ಯಾಪಾರಿಯೊಬ್ಬ ದ್ರಾಕ್ಷಾರಸದ ಪೀಪಾಯಿ ಹಲಗೆಗೆಂದು ಬಂದು ಧಣಿಯ ಮನೆಯಲ್ಲಿ ಕೂತಿದ್ದ. ಗಾಳಿಯಲ್ಲೇ ಕಡಿಸಿದರು. ಅರ್ಧ ಕೊಯ್ದಾಗ ಮರ ಬುಡದಿಂದ ಸೀಳಿ ಮೇಲಕ್ಕೆ ಚಿಮ್ಮಿತು. ನಾನು ಈ ಕಡೆ ಇದ್ದೆ, ಬ್ಲಾಜ್ ಆ ಕಡೆ. ಎದೆ ಅನ್ನುವುದು ಅವನಿಗೆ ಉಳಿಯಲಿಲ್ಲ. ಸೀಳಿದ ಬುಡ ಪೀಪಾಯಿಗೆ ಬಾರದು ಅಂತ ಮುದ್ರೆ ಹಾಕದೆ ಬಿಸಾಡಿದ್ದರು. ಅದನ್ನೇ ಕೊಯ್ದು ನಾನು ಪೆಟ್ಟಿಗೆ ಮಾಡಿದೆ.

ಜಾರುಬಂಡಿ ಬಂತು. ಅಂಬ್ರೋಜ್ ಲಾಟ್ಕೊವಿಚ್ ಧಣಿ ನರಿತುಪ್ಪಳದ ಕೋಟು ಸರಿಮಾಡಿಕೊಂಡು ಇಳಿದ.

ಈತ ಹುಟ್ಟಾ ಧಣಿಯೇನಲ್ಲ. ಮೂವತ್ತು ವರ್ಷದ ಹಿಂದೆ ಬೆಟ್ಟದ ಸೀಮೆಯಿಂದ ಒಂದು ಕೊಡಲಿ ಹಿಡಿದು, ಹರಿದ ಬೂಟು ಹಾಕಿಕೊಂಡು ಬಂದ ಹಲಗೆ ಸೀಳುವವನು. ಬ್ಲಾಜ್‌ನ ಅಪ್ಪನ ಗುಡಿಸಲಲ್ಲಿ ಎರಡು ಚಳಿಗಾಲ ಮಲಗಿ, ಅವರ ಮನೆಯ ಹುರುಳಿ ಸಾರು ಕುಡಿದು ಬದುಕಿದವನು. ಆಮೇಲೆ ಮೇಸ್ತ್ರಿಯಾದ, ವ್ಯಾಪಾರಿಯಾದ, ಕುಡಿದು ಮುಳುಗಿದ್ದ ಹಳೇ ಜಮೀನ್ದಾರನಿಂದ ಕಾಡನ್ನೇ ಕೊಂಡ. ನಮ್ಮ ಹಂದಿಗಳು ತಲೆತಲಾಂತರದಿಂದ ಓಕ್ ಕಾಯಿ ಮೇಯುತ್ತಿದ್ದ ಜಾಗಕ್ಕೆ ಬೇಲಿ ಹಾಕಿಸಿದ. ಬಿದ್ದ ಕಡ್ಡಿ ಆಯ್ದ ಮುದುಕಿಯರನ್ನು ಜೈಲಿಗೆ ಕಳಿಸಿದ. ಚರ್ಚಿಗೆ ಗಂಟೆ ಕೊಡಿಸಿದ. ಆ ಹಳೇ ಕೊಡಲಿಗೆ ಬೆಳ್ಳಿ ಕಟ್ಟಿಸಿ ಊಟದ ಕೋಣೆಯಲ್ಲಿ ನೇತುಹಾಕಿದ್ದಾನೆ, ಬಂದವರಿಗೆಲ್ಲ ತೋರಿಸುತ್ತಾನೆ.

ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ. ಮುಚ್ಚಳವನ್ನು ಗೆಣ್ಣಿನಿಂದ ತಟ್ಟಿ, ಕಿವಿ ಕೊಟ್ಟು ಕೇಳಿದ. ಮಾಂಡಾ ಕಣ್ಣು ಮುಚ್ಚಿಕೊಂಡಳು.

"ಒಳ್ಳೇ ಮರ. ಇದನ್ನ ಮಣ್ಣಿಗೆ ಹಾಕೋದಾ? ಬಟ್ಟೇಲಿ ಸುತ್ತಿ ಹೂಳಿ."

"ಧಣಿ, ಅದೇ ಮರ ಅವ್ನನ್ನ ಕೊಂದಿದ್ದು," ಅಂದೆ.

"ಕಡಿಯೋಕ್ ಬರ್ದಿದ್ರೆ ಮರ ಏನ್ ಮಾಡುತ್ತೆ?"

ಗೇಟಿನೊಳಗೆ ಪುಸ್ತಕ ಹಿಡಿದು ನಿಂತಿದ್ದ ಪಾದ್ರಿಗಳ ಕಡೆ ಮಾಂಡಾ ತಿರುಗಿದಳು. ಅವರು ಗಂಟಲು ಸರಿಮಾಡಿಕೊಂಡರು. "ದೇವ್ರು ಪೆಟ್ಟಿಗೆ ಕೇಳಲ್ಲಮ್ಮ. ಧಣಿಗಳು ಹೇಳಿದ್ ಹಾಗ್ ಮಾಡಿ, ಬೇಗ ಮುಗ್ಸೋಣ, ಚಳಿ."

"ನಿನ್ ಗಂಡಂಗೆ ಓಕ್ ಬೇಕಾ?" ಧಣಿ ನಕ್ಕ. "ನಮ್ಮಪ್ಪಂಗೇ ಅಗ್ಗದ ಪೈನ್ ಮರದ್ದೂ ಸಿಕ್ಕಿರ್ಲಿಲ್ಲ."

ಯಾಕೊಬ್‌ನ ಸೊಂಟದಿಂದ ಸುತ್ತಿಗೆ ಕಿತ್ತುಕೊಂಡ. ಬ್ಲಾಜ್‌ನ ತಲೆಯಿದ್ದ ಕಡೆ ಬಲವಾಗಿ ಒಂದೇಟು ಹಾಕಿದ. ಪೆಟ್ಟಿಗೆ ಅದುರಿತು, ಒಳಗಿದ್ದವನೂ ಅದುರಿದ. ಹಸಿ ಮರದಲ್ಲಿ ಎರಡು ಅಕ್ಷರ ಆಳವಾಗಿ ಕೂತವು.

"ಈಗ ನಂದು. ಖಾಲಿ ಮಾಡಿ."

ಯಾರೂ ಮಿಸುಕಲಿಲ್ಲ. ಮಾಂಡಾ ಬಗ್ಗಿ ಆ ಮುದ್ರೆಯ ಮೇಲೆ ಬೆರಳಾಡಿಸಿದಳು.

"ವಿಂಕೊ," ಅಂದಳು ನನಗೆ, "ಮುದ್ರೆ ಬಿತ್ತಲ್ವಾ?"

"ಬಿತ್ತಕ್ಕಾ."

"ಮುದ್ರೆ ಬಿದ್ದಿದ್ದು ಸಂಜೆ ಗಂಟೆಗ್ ಮುಂಚೆ ಎಲ್ಲಿಗೋಗ್ಬೇಕು?"

ನನಗೆ ಆಗ ಹೊಳೆಯಿತು. ನನಗೊಬ್ಬನಿಗೇ ಅಲ್ಲ, ಎಂಟೂ ಜನಕ್ಕೆ ಹೊಳೆಯಿತು. "ಅಂಗಳಕ್ಕೆ," ಅಂದೆ, ಪೆಟ್ಟಿಗೆಯ ಕೆಳಗೆ ಹೆಗಲು ಕೊಟ್ಟೆ.

"ಏಯ್, ಎಲ್ಲಿಗೆ?"

"ನಿಮ್ ಮಾಲು ಧಣಿ," ಮಾಂಡಾ ಹೇಳಿದಳು. "ತಲುಪ್ಸಿಲ್ಲ ಅಂತ ನಾಳೆ ಇನ್ನೊಬ್ರನ್ನ ಕಂಬಕ್ಕ್ ಕಟ್ತೀರಿ. ನಿಮ್ಮನೆಗೇ ತಂದ್ಕೊಡ್ತೀವಿ."

ಊರ ನಡುಬೀದಿಯಲ್ಲೇ ನಡೆದೆವು. ಮನೆಗಳಿಂದ ಜನ ಹೊರಬಂದರು, ಒಬ್ಬೊಬ್ಬರಾಗಿ ಹಿಂದೆ ಸೇರಿಕೊಂಡರು. ಜಾರುಬಂಡಿ ನಮ್ಮ ಹಿಂದೆಯೇ ಉಳಿಯಿತು, ದಾಟಲು ದಾರಿ ಬಿಡಲಿಲ್ಲ. ಅಂಗಳದಲ್ಲಿ ದಿಮ್ಮಿಗಳ ರಾಶಿಯ ಮೇಲೆ, ಊಟದ ಕೋಣೆಯ ಕಿಟಕಿಗೆ ಸರಿಯಾಗಿ ಕಾಣುವಂತೆ ಬ್ಲಾಜ್‌ನನ್ನು ಇಟ್ಟೆವು. ಕಿಟಕಿಯ ಹಿಂದೆ ಫ್ರಾನ್ಸಿನ ವ್ಯಾಪಾರಿ ಚಮಚ ಹಿಡಿದು ನಿಂತಿದ್ದ.

ಅಷ್ಟರಲ್ಲಿ ಧಣಿ ಬಂದ. ಪೇಟೆ ಮಾತೆಲ್ಲ ಹಾರಿಹೋಗಿ ಅವನ ಬಾಯಲ್ಲಿ ಬೆಟ್ಟದ ಸೀಮೆಯ ಮಾತು ಎದ್ದಿತ್ತು. "ಎತ್ರಲಾ ಅದ್ನ, ಹಡಬೆ ನನ್ಮಕ್ಳಾ. ಎತ್ತಿ, ಹೋಗಿ ಹೂಳ್ರಲಾ, ಪೆಟ್ಟಿಗೇನೂ ಇಟ್ಕಳ್ರಲಾ."

"ಮುದ್ರೆ ಮಾಲ್ ನಾವ್ ಮುಟ್ಟಂಗಿಲ್ಲ," ಮಾಂಡಾ ಅಂದಳು. "ನೀವೇ ಹೊಡ್ದಿದ್ದು, ನೀವೇ ತೆಗೀರಿ. ಎಲ್ರ ಮುಂದೆ, ನಿಮ್ ಕೈಯಾರೆ. ಗೋಡೆ ಮ್ಯಾಲ್ ಕೊಡ್ಲಿ ಐತಲ್ಲ, ನಮ್ಮಾವನ್ ಗುಡಿಸ್ಲಲ್ಲಿ ಸಾಣೆ ಹಿಡೀತಿದ್ರಲ್ಲ, ಅದ್ರಲ್ಲೇ ಕೆತ್ತಿ. ಅಲ್ಲೀಗಂಟ ಕಾಡಲ್ಲಿ ಒಂದ್ ಮರಾನೂ ಬೀಳಲ್ಲ."

ಇವತ್ತಿಗೆ ಮೂರನೇ ದಿನ. ಕಾಡಿನಲ್ಲಿ ಗರಗಸದ ಸದ್ದಿಲ್ಲ. ವ್ಯಾಪಾರಿ ನಿನ್ನೆ ಬೆಳಿಗ್ಗೆ ಹಿಂಬಾಗಿಲಿನಿಂದ ಹೊರಟುಹೋದ. ಸಿಪಾಯಿಗಳು ಬರುತ್ತಾರೆ ಅಂತ ಪಾದ್ರಿಗಳು ಬಂದು ಹೆದರಿಸಿದರು. ಬರಲೂಬಹುದು. ಮಧ್ಯಾಹ್ನ ಧಣಿ ಬೆಳ್ಳಿ ಕಟ್ಟಿದ ಕೊಡಲಿ ಹಿಡಿದು ಮೆಟ್ಟಿಲಿನವರೆಗೂ ಬಂದ, ಅಂಗಳದ ಗೇಟಿನಾಚೆ ಕೂತ ನಮ್ಮನ್ನು ನೋಡಿದ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ನಾವು ಹಾಕಿದ ಬೆಂಕಿಯ ಪಕ್ಕ ಮಾಂಡಾ ಕೂತಿದ್ದಾಳೆ. ಹಿಮ ಬಿಗಿಯಾಗಿದೆ, ಹೆಣ ಕೆಡುವುದಿಲ್ಲ. ಬೆಂಕಿ ಸಣ್ಣಗಾದಾಗ ಯಾಕೊಬ್ ದೂರದಲ್ಲಿ ನಿಂತು ನೋಡುತ್ತಿದ್ದ. ನಾನು ಅವನನ್ನೇ ನೋಡುತ್ತ ಇನ್ನೊಂದು ಓಕ್ ಸೌದೆ ಒಟ್ಟಿದೆ, ಮುದ್ರೆ ಇಲ್ಲದ್ದು.