ಕುಬೇರಪ್ಪನ ಕಾರು, ಅಡಿವೆವ್ವನ ಗೆರೆ

ಹಿರೇಕೆರೂರ ಪೇಟೆಯಿಂದ ದುರ್ಗವ್ವನ ಗುಡಿಯ ತನಕ ಹಾಸುಗಲ್ಲಿನ ಫುಟ್‌ಪಾತು ಆದದ್ದು ಎಪ್ಪತ್ತೊಂಬತ್ತರಲ್ಲಿ. ಸರಕಾರ ಹಾಕಿದ್ದಲ್ಲ. ಪೇಟೆಯ ಮಂದಿಯೇ ಒಂದು ಸಮಿತಿ ಮಾಡಿಕೊಂಡು, ಉಳ್ಳವರು ಕಲ್ಲು ಕೊಟ್ಟು, ಇಲ್ಲದವರು ಮೈಮುರಿದು ದುಡಿದು ಹಾಕಿದ್ದು. ಡಾಂಬರು ಬಿದ್ದ ಮೇಲೆ ರಸ್ತೆಯಲ್ಲಿ ಲಾರಿಗಳ ಹಾವಳಿ ಹೆಚ್ಚಾಗಿ, ಶುಕ್ರವಾರ ಮಂಗಳವಾರ ಗುಡಿಗೆ ಹೋಗುವ ಹೆಂಗಸರು ಜೀವ ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು. ಕಲ್ಲು ಕೊಟ್ಟವರು ತಮ್ಮ ಹಿರಿಯರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಗುಡಿಗೆ ಹೋಗುವವರ ಪಾದಧೂಳಿ ಹೆಸರಿನ ಮೇಲೆ ಬಿದ್ದರೆ ಸತ್ತವರಿಗೂ ಪುಣ್ಯ, ಇದ್ದವರಿಗೂ ಪುಣ್ಯ ಎಂಬ ನಂಬಿಕೆ.

ಆ ಕಲ್ಲುಗಳನ್ನೆಲ್ಲ ಕೂಡಿಸಿದವನು ಗೌಂಡಿ ಮಂಜಪ್ಪ. ಒಂದೊಂದು ಕಲ್ಲನ್ನೂ ಕೂಸಿನ ಹಾಗೆ ಎದೆಗವಚಿ ಎತ್ತಿದ, ರಸಮಟ್ಟ ಇಟ್ಟು ನೋಡಿದ, ಒಂದು ಹನಿ ನೀರೂ ನಿಲ್ಲದಂತೆ ಇಳುಕಲು ಕೊಟ್ಟ. ಹೀಗೆ ಊರೂರ ಕಲ್ಲು ಎತ್ತಿ ಎತ್ತಿ, ಎಂಬತ್ತಮೂರರ ಬೇಸಿಗೆಯಲ್ಲಿ ಅವನ ಹೊಟ್ಟೆಯ ಕರುಳು ಕೆಳಗಿಳಿಯಿತು. ಹುಬ್ಬಳ್ಳಿಗೆ ಒಯ್ದು ಆಪರೇಶನ್ ಮಾಡಿಸಿದರು. ದವಾಖಾನೆಯ ಪಡಸಾಲೆಯಲ್ಲಿ ಕೂತು ಅವನ ಹೆಂಡತಿ ಅಡಿವೆವ್ವ ದುರ್ಗವ್ವನಿಗೆ ಬೇಡಿಕೊಂಡಳು: “ನನ್ನ ತಾಳಿ ಉಳಿಸು. ಈ ಶ್ರಾವಣ ಮುಗಿಯೂದರಾಗ ಒಂದು ಶುಕ್ರವಾರ ನನ್ನ ಹೊಸ್ತಿಲದಿಂದ ನಿನ್ನ ಹೊಸ್ತಿಲತನಕ ದೀಡ ನಮಸ್ಕಾರ ಹಾಕ್ತೇನಿ.”

ತಾಳಿ ಉಳಿಯಿತು. ಡಾಕ್ಟರು ಒಂದೇ ಮಾತು ಹೇಳಿ ಕಳಿಸಿದ್ದರು: ವರ್ಷೊಪ್ಪತ್ತು ಭಾರ ಎತ್ತಕೂಡದು, ಎತ್ತಿದರೆ ಹೊಲಿಗೆ ಬಿಚ್ಚುತ್ತದೆ, ಆಮೇಲೆ ನನ್ನನ್ನು ಕೇಳಬೇಡಿರಿ.

ದೀಡ ನಮಸ್ಕಾರವೆಂದರೆ ಸುಮ್ಮನೆ ಅಲ್ಲ. ನಸುಕಿನಲ್ಲಿ ಮಿಂದು, ಹಸಿ ಸೀರೆಯಲ್ಲೇ, ಬಾಯಿಗೆ ಹನಿ ನೀರು ಹಾಕದೆ ಹೊರಡಬೇಕು. ಉದ್ದಕ್ಕೆ ಬೋರಲು ಮಲಗಿ ಕೈ ಚಾಚಿ ನಮಸ್ಕರಿಸಬೇಕು. ಬೆರಳ ತುದಿ ಮುಟ್ಟಿದಲ್ಲಿ ಜೊತೆಗಿದ್ದವರು ಗೆರೆ ಎಳೆಯುತ್ತಾರೆ. ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗಬೇಕು. ಹೀಗೆ ಮೈಯಿಂದಲೇ ದಾರಿ ಅಳೆಯುತ್ತ ಹೋಗಬೇಕು. ಗೆರೆ ಬಿಟ್ಟು ಕಾಲು ಬೇರೆ ಕಡೆ ಬಿತ್ತೋ, ಹರಕೆ ಹರಿದಂತೆ.

ಶ್ರಾವಣದ ಮೊದಲ ಶುಕ್ರವಾರ ಅಡಿವೆವ್ವ ಹೊರಟಳು. ಗೆರೆ ಎಳೆಯಲು ಸುಣ್ಣದ ಹೆಂಟೆ ಹಿಡಿದು ನೆರೆಮನೆಯ ಮುದುಕಿ ಭರಮವ್ವ ಬಂದಳು. ಅಡತಿ ವ್ಯಾಪಾರದ ಕುಬೇರಪ್ಪನ ಅಂಗಡಿ ಬಂದಾಗ ಅಡಿವೆವ್ವನ ಚಾಚಿದ ಬೆರಳಿಗೆ ತಣ್ಣಗೆ ಏನೋ ತಾಗಿತು. ಕತ್ತೆತ್ತಿ ನೋಡಿದರೆ ಟಾಯರು. ಕುಬೇರಪ್ಪನ ಬೂದಿ ಬಣ್ಣದ ಅಂಬಾಸಿಡರ್ ಕಾರು ಗೋಡೆಯಿಂದ ಗಟಾರದ ತನಕ ಫುಟ್‌ಪಾತನ್ನು ತುಂಬಿಕೊಂಡು ಕೊಬ್ಬಿದ ಎಮ್ಮೆಯ ಹಾಗೆ ನಿಂತಿತ್ತು.

ಏನು ಮಾಡಬೇಕೆಂದು ತಿಳಿಯದೆ ಅಡಿವೆವ್ವ ರಸ್ತೆಗಿಳಿದು, ಕಾರನ್ನು ಸುತ್ತಿ, ಆಚೆ ಹೋಗಿ ಮಲಗಿದಳು. ಗುಡಿಯನ್ನೂ ಮುಟ್ಟಿದಳು. ಆದರೆ ಬರುವಾಗ ಭರಮವ್ವ ಸೊಲ್ಲೆತ್ತಿದಳು.

“ತಂಗಿ, ಹೇಳಬಾರದು ಅಂತಿದ್ದೆ. ಗೆರಿ ಹರೀತು.”

“ಮೂರು ಮಾರು ಅಷ್ಟ ಅಲ್ಲೇನು ಯಕ್ಕಾ?”

“ಹಾಲಿಗೆ ಹುಳಿ ಎಷ್ಟು ಬೀಳಬೇಕ ಒಡ್ಯಾಕ?”

ಅಡಿವೆವ್ವನಿಗೂ ಒಳಗೊಳಗೆ ಗೊತ್ತಿತ್ತು. ಗೊತ್ತಿದ್ದುದನ್ನು ಇನ್ನೊಬ್ಬರು ಹೇಳಿದಾಗ ಆಗುವ ಸಿಟ್ಟೇ ಬೇರೆ. ಆ ಸಿಟ್ಟು ಭರಮವ್ವನ ಮೇಲೂ ಅಲ್ಲ, ಕುಬೇರಪ್ಪನ ಮೇಲೂ ಅಲ್ಲ, ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸುಮ್ಮನೆ ನಿಂತಿತು.

ಎರಡನೆಯ ವಾರ ಹಿಂದಿನ ದಿನವೇ ಹೋಗಿ ಕುಬೇರಪ್ಪನಿಗೆ ಹೇಳಿ ಬಂದಳು. ಅವನು ಕೆಟ್ಟವನೇನಲ್ಲ. “ಅದಕ್ಕೇನ ತಂಗಿ, ತೆಗಸ್ತೇನಿ” ಅಂದ. ತೆಗೆಸಿದ ಕೂಡ. ಆದರೆ ಶುಕ್ರವಾರ ಬೆಳಗಾಗುತ್ತಲೇ ಸವಣೂರಿನಿಂದ ಅವನ ಬೀಗರು ಬಂದರು. ಬೀಗರ ಕಾರು ಬೀಗರ ಮರ್ಯಾದೆಗೆ ತಕ್ಕ ಜಾಗದಲ್ಲಿ, ಅದೇ ಕಲ್ಲಿನ ಮೇಲೆ ಹತ್ತಿ ನಿಂತಿತು. ಬೀಗರಿಗೆ ಕಾರು ತೆಗೆಯಿರಿ ಎನ್ನುವುದುಂಟೇ? ಅಡಿವೆವ್ವ ಓಣಿಯ ಮೂಲೆಯಿಂದಲೇ ನೋಡಿ, ಹಸಿ ಸೀರೆಯಲ್ಲಿ ಮನೆಗೆ ತಿರುಗಿದಳು.

ಮೂರನೆಯ ವಾರಕ್ಕೆ ವಿಷಯ ಸಮಿತಿಗೆ ಹೋಯಿತು. ಸಮಿತಿಯ ಹಿರಿಯ ಪರಮೇಶಪ್ಪ ಮಾಸ್ತರರು. ಸೇರುವ ಜಾಗ ಮಹಮ್ಮದಗೌಸನ ಚಹಾದಂಗಡಿ. ಅಡಿವೆವ್ವ ಸೆರಗು ಹೊದ್ದು ಮೆಟ್ಟಿಲ ಕೆಳಗೆ ಕೂತಳು.

“ನೋಡ್ರಿ ಮಾಸ್ತರ,” ಅಂದ ಕುಬೇರಪ್ಪ. “ರಸ್ತೆದಾಗ ನಿಲ್ಲಿಸಿದ್ದೆ. ಲಾರಿಯಾಂವ ಒಂದ ಮಗ್ಗಲ ಕೆತಗೊಂಡು ಹ್ವಾದ. ಇದು ನನ್ನ ಅಂಗಡಿ ಮುಂದಿನ ಜಾಗ, ನಮ್ಮಪ್ಪನ ಹೆಸರಿನ ಕಲ್ಲು. ಇನ್ನೊಬ್ಬರ ಹಿತ್ತಲದಾಗ ನಿಲ್ಲಿಸೇನೇನು?”

“ಸಾವ್ಕಾರ್ರ,” ಗ್ಲಾಸು ತೊಳೆಯುತ್ತಲೇ ಮಹಮ್ಮದಗೌಸ ಅಂದ, “ನಿಮ್ಮಪ್ಪಾರ ಹೆಸರ ಬರಿಸಿದ್ದು ಮಂದಿ ಪಾದ ಬೀಳ್ಲಿ ಅಂತ. ಟಾಯರ ಬೀಳ್ಲಿ ಅಂತಲ್ಲ.”

ಕೂತವರು ನಕ್ಕರು. ಕುಬೇರಪ್ಪ ನಗಲಿಲ್ಲ. “ನೀ ಈಗ ನನಗ ಚಾ ಕೊಟ್ಟಿಯಲ್ಲ, ಈ ಬೆಂಚ ಎಲ್ಲಿ ಐತಪಾ ಗೌಸ?”

ಎಲ್ಲರೂ ಕೆಳಗೆ ನೋಡಿದರು. ಬೆಂಚು ಫುಟ್‌ಪಾತಿನ ಮೇಲೇ ಇತ್ತು. ಪರಮೇಶಪ್ಪ ಮಾಸ್ತರರ ಸೈಕಲ್ಲೂ ಅಲ್ಲೇ ಇತ್ತು. ಆಮೇಲೆ ಮಾತು ಹಗ್ಗ ಬಿಚ್ಚಿದ ಕರುವಾಯಿತು. ಇಂಥವರ ಬೆಲ್ಲದ ಪೆಂಟೆ, ಇಂಥವರ ಹೊಲಿಗೆ ಮಶಿನ್ನು, ಇಂಥವರ ಆಡು. ಒಬ್ಬರ ಮೇಲೆ ಒಬ್ಬರು ಹೇಳಿದ್ದೇ ಹೇಳಿದ್ದು. ಕಡೆಗೆ ಯಾರೋ ಮೆಟ್ಟಿಲ ಕಡೆಗೂ ಬೆರಳು ತೋರಿಸಿದರು. “ಈ ತಾಯಿ ಹಪ್ಪಳ ಒಣಗ ಹಾಕೂದು ಎಲ್ಲಿ ಕೇಳ್ರಿ.”

ಅಡಿವೆವ್ವ ತಲೆ ತಗ್ಗಿಸಿದಳು. ಹಾಕುತ್ತಿದ್ದುದು ಖರೆ. ಆದರೂ ಹಪ್ಪಳವನ್ನು ಮಂದಿ ದಾಟಿ ಹೋಗಬಹುದು, ಕಾರನ್ನು ದಾಟಲು ಬರುತ್ತದೆಯೇ ಎಂದು ಕೇಳಬೇಕೆನಿಸಿತು. ಕೇಳುವಷ್ಟರಲ್ಲಿ ಪರಮೇಶಪ್ಪ ಮಾಸ್ತರರು ಕನ್ನಡಕ ಒರೆಸಿಕೊಂಡು ತೀರ್ಪು ಕೊಟ್ಟಿದ್ದರು: “ಎಲ್ಲಾರದೂ ಐತಿ ಅಂದಮ್ಯಾಲ ಒಬ್ಬರಿಗೆ ಹೇಳಾಕ ಬರೂದಿಲ್ಲ. ದೀಪಾವಳಿ ಆದಮ್ಯಾಲ ಕುಂತು ವಿಚಾರ ಮಾಡೂಣು.”

ಎಲ್ಲರೂ ಚಹಾ ಕುಡಿದು ಎದ್ದರು. ಸಮಿತಿ ಸೇರುವ ಗದ್ದಲದಲ್ಲಿ ಮೂರನೆಯ ಶುಕ್ರವಾರವೂ ಹಾಗೆಯೇ ಕಳೆಯಿತು. ಹೋಗುವಾಗ ಕುಬೇರಪ್ಪ ಮಾತ್ರ ಅವಳ ಮುಂದೆ ನಿಂತು, “ಬರೂ ಶುಕ್ರವಾರ ನಸುಕಿನ್ಯಾಗ ತೆಗಸ್ತೇನಿ. ನಮ್ಮಪ್ಪನ ಆಣಿ” ಅಂದ.

ಉಳಿದದ್ದು ಅದೊಂದೇ ಶುಕ್ರವಾರ.

ಆ ದಿನ ಮೂಲೆ ತಿರುಗಿ ನೋಡಿದಾಗ ಅಡಿವೆವ್ವನ ಕಣ್ಣಿಗೆ ಬರಿ ಕಲ್ಲು ಕಂಡಿತು. ಮಂಜಪ್ಪ ಕೂಡಿಸಿದ ಕಲ್ಲು, ರಾತ್ರಿಯ ಜಿಟಿಜಿಟಿ ಮಳೆಗೆ ತೊಳೆದಿಟ್ಟ ಹಾಗೆ ಗುಡಿಯ ತನಕ ಹಾಸಿತ್ತು. ಅವಳ ಎದೆ ಹಗುರಾಯಿತು. ಮಲಗಿದಳು, ಎದ್ದಳು, ಮಲಗಿದಳು. ಮೊಣಕಾಲು ಕಿತ್ತುಬಂದವು, ಮೊಣಕೈ ಸುಲಿದವು, ಬಾಯಲ್ಲಿ ತಾಯಿಯ ಹೆಸರು ಮಾತ್ರ ಬಿಡಲಿಲ್ಲ. ಹಿಂದೆ ಹಿಂದೆ ಭರಮವ್ವನ ಸುಣ್ಣ ಕರಕ್ ಕರಕ್ ಎಂದು ಗೆರೆ ಕೊಡುತ್ತ ಬಂತು. ಸೂರ್ಯ ನೆತ್ತಿಗೆ ಬಂದ.

ಕುಬೇರಪ್ಪನ ಅಂಗಡಿಗೆ ಇನ್ನು ನಾಲ್ಕು ಗೆರೆ ಇದೆ ಎನ್ನುವಾಗ ಬೆನ್ನ ಹಿಂದಿನಿಂದ ಹಾರ್ನು ಕೇಳಿಸಿತು. ಡ್ರೈವರ್ ಹಯಾತ ಹಂಸಭಾವಿಗೆ ಹೋಗಿ ಬಂದಿದ್ದ. ನಸುಕಿನಲ್ಲಿ ಕಾರು ತೆಗೆ ಎಂದು ಅವನಿಗೆ ಹೇಳಿದ್ದರು. ಮಧ್ಯಾಹ್ನ ತಂದು ಇಲ್ಲಿ ಹಚ್ಚಬೇಡ ಎಂದು ಹೇಳಿರಲಿಲ್ಲ. ಶುಕ್ರವಾರದ ನಮಾಜಿಗೆ ಹೊತ್ತಾಗಿತ್ತು. ರೂಢಿಯ ಕೈ ರೂಢಿಯ ಜಾಗ ಹುಡುಕಿತು. ದಡಕ್ ಎಂದು ಮುಂದಿನ ಗಾಲಿ, ದಡಕ್ ಎಂದು ಹಿಂದಿನ ಗಾಲಿ. ಬಾಗಿಲು ಲಾಕು ಹಾಕಿ, ಕೀಲಿ ಕಿಸೆಗಿಟ್ಟು, ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಅವನು ಮಸೀದಿಯ ಓಣಿ ಹಿಡಿದ. ಮಲಗಿದವಳನ್ನು ಅವನು ನೋಡಲೇ ಇಲ್ಲ.

ಅಡಿವೆವ್ವ ಉಳಿದ ನಾಲ್ಕನ್ನೂ ಹಾಕಿ ಕಡೆಯ ಗೆರೆಯ ಮೇಲೆ ಎದ್ದು ನಿಂತಳು. ಅವಳ ಮೊಣಕಾಲಿಗೆ ಕಾರಿನ ಹಿಂದಿನ ಬಂಪರು ತಾಗುತ್ತಿತ್ತು.

ಮಂದಿ ಕೂಡಿತು. ಕುಬೇರಪ್ಪ ಗಲ್ಲೆಯಿಂದ ಎದ್ದು ಓಡಿ ಬಂದ, ತಲೆ ತಲೆ ಬಡಿದುಕೊಂಡ. ದೂಡೋಣವೆಂದರೆ ಕಾರು ಗೇರಿನಲ್ಲಿತ್ತು, ಜಗ್ಗಲಿಲ್ಲ. ಒಬ್ಬ, ಮೇಲೆ ಹತ್ತಿ ದಾಟಿಸೋಣ ಅಂದ. ಇನ್ನೊಬ್ಬ, ಕೆಳಗೆ ನುಸುಳಲಿ ಅಂದ.

“ಅಲ್ಲವಾ, ದೇವಿಗೆ ಎಲ್ಲಾ ತಿಳಿತೈತಿ. ಸುತ್ತಿ ಹೋಗಿಬಿಡು,” ಅಂದರು ಪರಮೇಶಪ್ಪ ಮಾಸ್ತರರು.

“ದೇವಿಗೆ ತಿಳಿತೈತ್ರಿ ಮಾಸ್ತರ,” ಅಂದಳು ಅಡಿವೆವ್ವ. “ತಿಳಿಯದ ಇದ್ದವರು ನಾವು. ಹಯಾತಣ್ಣ ಬರೂತನಕ ನಿಂದರ್ತೇನಿ. ನೀವು ನಿಮ್ಮ ಕೆಲಸಕ್ಕ ಹೋಗ್ರಿ.”

ಯಾರೂ ಹೋಗಲಿಲ್ಲ. ಮಹಮ್ಮದಗೌಸ ಮಸೀದಿಗೆ ಹೊರಟಿದ್ದವನು, ನಮಾಜು ಮುಗಿದ ಕೂಡಲೇ ಹಯಾತನನ್ನು ಎಳೆದುಕೊಂಡು ಬರುತ್ತೇನೆಂದು ಹೇಳಿಹೋದ. ಅಡಿವೆವ್ವ ನಿಂತಳು. ಹಸಿ ಸೀರೆ ಮೈಮೇಲೆ ಒಣಗಿ ಬಿರುಸಾಯಿತು. ಆದರೂ ಗೆರೆ ಬಿಡಲಿಲ್ಲ. ನಿಲ್ಲುವುದಷ್ಟೇ ಅಲ್ಲವೇ, ನಿಂತರಾಯಿತು ಅಂದುಕೊಂಡಳು.

ಆಗ ಮಂದಿಯನ್ನು ಸರಿಸಿಕೊಂಡು ಮಂಜಪ್ಪ ಬಂದ. ಮನೆಯಲ್ಲಿ ಮಲಗಿದ್ದವನಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಹೆಂಡತಿಯ ಮುಖ ನೋಡಿದ, ಸುಲಿದ ಮೊಣಕೈ ನೋಡಿದ. ಆಮೇಲೆ ಟಾವೆಲ್ಲು ನಡುವಿಗೆ ಬಿಗಿದು ಕಾರಿನ ರಸ್ತೆ ಕಡೆಯ ಮಗ್ಗಲಿಗೆ ಹೋದ.

“ನಾಕ ಮಂದಿ ಬರ್ರಿ. ಹಿಂದಿಂದು ಎತ್ತಿ ರಸ್ತೇಕ ಹೊಳ್ಳಿಸಿದರ ಆತು. ಇದಕ್ಕಿಂತ ಭಾರ ಎತ್ತೇನಿ ನಾ.”

“ಬ್ಯಾಡ್ರಿ,” ಅಂದಳು ಅಡಿವೆವ್ವ.

“ನಾ ಕೂಡಿಸಿದ ಕಲ್ಲಿನ ಮ್ಯಾಲ ನೀ ನಿಂತು ಸಾಯಬೇಕೇನು?” ಅಂದವನೇ ಅವನು ಕುಕ್ಕರಿಸಿ, ಬಂಪರಿನ ಕೆಳಗೆ ಎರಡೂ ಕೈ ಕೊಟ್ಟ. ಜನವೂ ಹುರುಪಿನಲ್ಲಿ ಬಗ್ಗಿತು. ಅವನ ಕುತ್ತಿಗೆಯ ನರ ಉಬ್ಬಿದ್ದನ್ನು ಅಡಿವೆವ್ವ ನೋಡಿದಳು. ಕಲ್ಲೆತ್ತುವಾಗ ಉಬ್ಬುತ್ತಿದ್ದ ಅದೇ ನರ.

ಅವಳಿಗೆ ಆಮೇಲೆ ಎಷ್ಟು ನೆನೆದರೂ ಹೇಗೆ ಹೋದೆನೆಂಬುದು ನೆನಪಾಗಲಿಲ್ಲ. ಗೆರೆಯಿಂದ ಗಟಾರಕ್ಕೆ ಒಂದು ಕಾಲು, ಗಟಾರದಿಂದ ರಸ್ತೆಗೆ ಒಂದು ಕಾಲು. ಗಂಡನ ತೋಳು ಹಿಡಿದು ಹಿಂದಕ್ಕೆ ಎಳೆದಿದ್ದಳು. ಇಬ್ಬರೂ ಡಾಂಬರಿನ ಮೇಲೆ ಕುಸಿದು ಕೂತರು.

“ನೋವು ಆತೇನ್ರಿ? ಹೊಲಿಗಿ ನೋಡ್ಕೋರಿ,” ಅನ್ನುತ್ತಿದ್ದಳು. ಮಂಜಪ್ಪ ಹೊಟ್ಟೆ ಮುಟ್ಟಿ ನೋಡಿಕೊಂಡು, ಏನೂ ಆಗಿಲ್ಲವೆಂದು ತಲೆಯಾಡಿಸಿದ. ಆಮೇಲೆ ಡಾಂಬರಿನ ಮೇಲಿದ್ದ ಅವಳ ಪಾದ ನೋಡಿದ. ಭರಮವ್ವ ಸುಣ್ಣದ ಹೆಂಟೆ ಹಿಡಿದು ಖಾಲಿ ಗೆರೆಯ ಪಕ್ಕ ನಿಂತಿದ್ದಳು.

ಇನ್ನೂ ಎಲೆ ಅಡಿಕೆ ಹಾಕಿ ಉಗುಳುವಷ್ಟು ಹೊತ್ತಾಗಿರಲಿಲ್ಲ, ಹಯಾತ ಓಡಿ ಬಂದ. ಹಿಂದೆ ಮಹಮ್ಮದಗೌಸ. “ಮಾಫ್ ಮಾಡ್ರಿ ಯಕ್ಕಾ, ಯಾರೂ ಹೇಳಿರಲಿಲ್ಲ ನನಗ,” ಅನ್ನುತ್ತಲೇ ಕಾರು ಹಿಂದೆ ತೆಗೆದು ರಸ್ತೆಗಿಳಿಸಿದ. ಕಲ್ಲು ಬಯಲಾಯಿತು. ಕುಬೇರಪ್ಪನ ತಂದೆಯ ಹೆಸರಿನ ಮೇಲೆ ಎಣ್ಣೆಯ ಕರಿ ಕಲೆ, ಆ ಕಲೆಯ ನಡುವೆ ಕಲ್ಲಿಗೆ ಒಂದು ಬಿರುಕು.

“ತಂಗಿ, ನಡಿ ಇನ್ನ,” ಅಂದ ಕುಬೇರಪ್ಪ. ಅವನ ಕಣ್ಣು ನೆಲದಲ್ಲಿತ್ತು. “ಅದ ಗೆರಿ ಮ್ಯಾಲ ಹೋಗಿ ನಿಂದ್ರು. ನಾವು ಯಾರೂ ನೋಡಿಲ್ಲ.”

“ನಾ ನೋಡೇನ್ರಿ,” ಅಂದಳು ಅಡಿವೆವ್ವ.

ಎದ್ದು, ಗಂಡನ ಕೈ ಹಿಡಿದು ಮನೆಯ ದಾರಿ ಹಿಡಿದಳು. ಮಂಜಪ್ಪ ಒಮ್ಮೆ ತಿರುಗಿ ಬಿರುಕಿನ ಕಡೆ ನೋಡಿ, “ಅಡಿಯಾಗಿನ ಮಣ್ಣು ಕುಂತೈತಿ. ಎಬ್ಬಿಸಿ ಕೂಡಿಸಬೇಕು,” ಅಂದ. “ನೀವಲ್ಲ,” ಅಂದಳು ಅವಳು. ಬೆಳಗಿನಿಂದ ಮೈಯಿಂದ ಅಳೆದ ದಾರಿ ಕಾಲಿಗೆ ಎಷ್ಟು ಬೇಗ ಮುಗಿಯುತ್ತಿತ್ತು. ಗೆರೆ, ಗೆರೆ, ಗೆರೆ, ಒಂದೊಂದನ್ನೂ ತುಳಿಯದೆ ದಾಟಿದಳು.

ಹಿಂದೆ ರಸ್ತೆಯಲ್ಲಿ ಲಾರಿಯೊಂದು ಹಾರ್ನು ಹೊಡೆಯತೊಡಗಿತು. ಅಂಬಾಸಿಡರು ಅಡ್ಡ ನಿಂತಿತ್ತು. ಹಿಂದೆ ಬಸ್ಸೂ ಬಂತು. ಯಾರೋ ಬೈದರು. ಸ್ವಲ್ಪ ಹೊತ್ತಿಗೆ ದಡಕ್ ಎಂದು ಒಂದು ಸಲ, ದಡಕ್ ಎಂದು ಇನ್ನೊಂದು ಸಲ.

ಅಡಿವೆವ್ವ ತಿರುಗಿ ನೋಡಲಿಲ್ಲ. ಹೊಸ್ತಿಲಲ್ಲಿ, ಹಿಂದೆಯೇ ಬಂದಿದ್ದ ಭರಮವ್ವನಿಂದ ಸುಣ್ಣದ ಹೆಂಟೆ ಇಸಿದುಕೊಂಡಳು. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಬಟ್ಟೆಯಲ್ಲಿ ಸುತ್ತಿ, ಬರುವ ಶ್ರಾವಣದ ತನಕ ನೀರು ತಾಗದ ಹಾಗೆ ಗೋಡೆಯ ಮಾಡದಲ್ಲಿ ದೀಪದ ಹಿಂದೆ ಇಟ್ಟಳು.